ಐಸ್ ಸಿಗುವ ಊರುಗಳ ನಕ್ಷೆ

ಹೋದ ವಾರ ಶಿವಾಜಿನಗರದಲ್ಲಿ ಯಾರೋ ನನ್ನ ಮೂಗಿಗೆ ಗುದ್ದಿದ ಹಾಗಾಯಿತು. ಗುದ್ದಿದ್ದು ಅಮೋನಿಯಾ. ಗೌಸ್ ಭಾಯಿ ತಮ್ಮ ಪ್ರಿಂಟ್ ಅಂಗಡಿಯ ಹಳೆಯ ಯಂತ್ರವನ್ನು ಗುಜರಿಗೆ ಹಾಕಲು ಬಿಚ್ಚಿಸುತ್ತಿದ್ದರು. ಇಂಜಿನಿಯರುಗಳ ದೊಡ್ಡ ದೊಡ್ಡ ಡ್ರಾಯಿಂಗುಗಳನ್ನು ನೀಲಿ ಗೆರೆಯಲ್ಲಿ ನಕಲು ಮಾಡಿಕೊಡುತ್ತಿದ್ದ ಯಂತ್ರ ಅದು. ಈಗ ಅದರ ಜಾಗಕ್ಕೆ ಕಂಪ್ಯೂಟರ್ ಬಂದಿದೆ. ಮುಚ್ಚಳ ತೆಗೆದದ್ದೇ ತಡ, ತಳದಲ್ಲಿ ಉಳಿದಿದ್ದ ವಾಸನೆ ಎದ್ದು ಬಂದು ನನ್ನ ಕಣ್ಣಲ್ಲಿ ನೀರು ತರಿಸಿತು.

"ಅಳ್ಬೇಡ ಬೇಟಿ," ಅಂದರು ಭಾಯಿ. "ಮಿಷನ್ ಹೋಗ್ತಿದೆ ಅಂತ ನಾನೇ ಅಳ್ತಿಲ್ಲ."

"ಅಳು ಅಲ್ಲ ಭಾಯಿ, ನಿಮ್ಮ ಅಮೋನಿಯಾ."

"ಮತ್ತೆ ಅದೇ ಅಂದೆ. ನಿಮ್ಮ ಅಂಕಲ್ ನಕ್ಷಾ ನೆನಪಾಯ್ತಲ್ಲ?"

ನೆನಪಾಗದೆ ಇರುತ್ತದೆಯೇ! ಬಸ್ಸು ಹಲಸೂರಿನಲ್ಲಿ ಮೆಟ್ರೋ ಗುಂಡಿಗಳನ್ನು ಸುತ್ತಿ ಬಳಸಿ ಟಿನ್ ಫ್ಯಾಕ್ಟರಿ ತಲುಪುವವರೆಗೂ ನಾನು ಎರಡು ಸಾವಿರದ ಎರಡರ ಬೇಸಿಗೆಯಲ್ಲೇ ಇದ್ದೆ.

ಆಗ ನನಗೆ ಇಪ್ಪತ್ತೊಂದು. ಡಿಪ್ಲೊಮಾ ಅರ್ಧಕ್ಕೆ ಬಿಟ್ಟು ಮನೆಯಲ್ಲಿ ಕೂತಿದ್ದೆ. ನಕ್ಷೆಯ ಹುಚ್ಚನ್ನು ನನಗೆ ಯಾರೂ ಹಿಡಿಸಲಿಲ್ಲ, ತಾನಾಗಿಯೇ ಹಿಡಿಯಿತು. ಭಾನುವಾರ ಶಿವಾಜಿನಗರದ ಫುಟ್‌ಪಾತಿನಲ್ಲಿ ಹಳೆಯ ಪುಸ್ತಕ ಹರಡುವವರ ಹತ್ತಿರ ರೋಡ್ ಮ್ಯಾಪುಗಳು, ಪ್ರವಾಸದ ಕೈಪಿಡಿಗಳು ಸಿಗುತ್ತಿದ್ದವು. ಯಾವುದೋ ದೇಶದವರು ವ್ಯಾನಿನಲ್ಲೇ ಅಡುಗೆ, ವ್ಯಾನಿನಲ್ಲೇ ನಿದ್ದೆ ಮಾಡುತ್ತಾ ಇಲ್ಲಿಯವರೆಗೂ ಬಂದು, ವಿಮಾನ ಹತ್ತುವ ಮುಂಚೆ ಎಸೆದು ಹೋದ ಪುಸ್ತಕಗಳು. ಅವುಗಳ ಅಂಚಿನಲ್ಲಿ ಪೆನ್ಸಿಲಿನ ಟಿಪ್ಪಣಿಗಳಿರುತ್ತಿದ್ದವು. ಇಲ್ಲಿ ನೀರು ಚೆನ್ನಾಗಿದೆ. ಇಲ್ಲಿ ಮಂಗಗಳಿವೆ, ಕಿಟಕಿ ಮುಚ್ಚಿ. ಈ ಹುಣಸೆ ಮರದ ಕೆಳಗೆ ಮಲಗಿದರೆ ಯಾರೂ ಎಬ್ಬಿಸುವುದಿಲ್ಲ. ಅಚ್ಚಾದ ನಕ್ಷೆಗಿಂತ ಆ ಪೆನ್ಸಿಲಿನ ನಕ್ಷೆ ನನಗೆ ಹೆಚ್ಚು ಇಷ್ಟವಾಗುತ್ತಿತ್ತು. ಮನೆಯ ನೆಲದ ಮೇಲೆ ಹರಡಿಕೊಂಡು ಬೆರಳಿನಲ್ಲೇ ಊರೂರು ಸುತ್ತುತ್ತಿದ್ದೆ. ಅಮ್ಮ ಗುಡಿಸಲು ಬಂದರೆ "ಅಫ್ಘಾನಿಸ್ತಾನದ ಮೇಲೆ ಕಾಲಿಡ್ಬೇಡ!" ಅನ್ನುತ್ತಿದ್ದೆ.

ನಮ್ಮದು ಕೃಷ್ಣರಾಜಪುರದ ಹತ್ತಿರ, ಟಿನ್ ಫ್ಯಾಕ್ಟರಿಗೆ ನಡೆದು ಹೋಗುವಷ್ಟು ದೂರ. ಅಪ್ಪ ಟೆಲಿಫೋನ್ ತಯಾರಿಸುವ ಸರ್ಕಾರಿ ಕಾರ್ಖಾನೆಯಲ್ಲಿದ್ದರು. ಪಕ್ಕದ ಮನೆಯ ನಂಜುಂಡಪ್ಪ ಅಂಕಲ್ ಕೂಡ ಅಲ್ಲೇ, ಟೂಲ್‌ರೂಮಿನಲ್ಲಿ ಕೆಲಸ ಮಾಡಿ ಹಿಂದಿನ ವರ್ಷವಷ್ಟೇ ಸ್ವಯಂ ನಿವೃತ್ತಿ ತೆಗೆದುಕೊಂಡಿದ್ದರು. ಅವರ ಜೇಬಿನಲ್ಲಿ ಪೆನ್ನು ಇಲ್ಲದಿದ್ದರೂ ಸ್ಟೀಲ್ ಸ್ಕೇಲ್ ಇರುತ್ತಿತ್ತು. ಬಾಳೆಲೆಯ ಅಗಲ ಅಳೆದು ಊಟಕ್ಕೆ ಕೂರುವ ಜಾತಿ ಅಂತ ಅವರ ಹೆಂಡತಿ ಸರೋಜಾ ಆಂಟಿ ಆಡಿಕೊಳ್ಳುತ್ತಿದ್ದರು.

ಆ ಅಂಕಲ್ ಒಂದು ಬ್ರೆಡ್ ಸಾಗಿಸುತ್ತಿದ್ದ ಹಳೆಯ ವ್ಯಾನನ್ನು ಕೊಂಡು ತಂದು, ಚಳಿಗಾಲವೆಲ್ಲ ಹೊಂಗೆ ಮರದ ಕೆಳಗೆ ಅದನ್ನು ಮನೆ ಮಾಡಿದರು. ಮಡಚುವ ಮಂಚ, ಸ್ಟವ್ ಕೂರಿಸಲು ಕಟ್ಟೆ, ತಲೆಯ ಮೇಲೆ ನೀರಿನ ಟ್ಯಾಂಕು, ಮೈಗೆಲ್ಲ ಹಳದಿ ಬಣ್ಣ. ಒಳಗೆ ಕೂತರೆ ಇನ್ನೂ ಬನ್ನಿನ ವಾಸನೆ ಬರುತ್ತಿತ್ತು. ಕೋಲಾರ, ಚಿತ್ತೂರು, ಕಡಪ, ಕರ್ನೂಲು, ರಾಯಚೂರು ಮೇಲೆ ಹಾಯ್ದು, ತುಮಕೂರಿನ ಕಡೆಯಿಂದ ವಾಪಸ್ ಬರುವ ದೊಡ್ಡ ಸುತ್ತು ಅವರ ಕನಸು. ಮಳೆ ಬಂದರೆ ಹಳೆಯ ವ್ಯಾನು ಸೋರುತ್ತದೆ, ಅದಕ್ಕೆ ಬೇಸಿಗೆಯಲ್ಲೇ ಹೋಗಬೇಕು ಅಂತ ಹಟ.

ಆದರೆ ಆಂಟಿಗೆ ಸಕ್ಕರೆ ಕಾಯಿಲೆ. ಬೆಳಿಗ್ಗೆ, ಸಂಜೆ ಇನ್ಸುಲಿನ್ ಚುಚ್ಚಿಕೊಳ್ಳಬೇಕು. ರಾಯಲಸೀಮೆಯ ಬಿಸಿಲಿನಲ್ಲಿ ಆ ಔಷಧಿ ತಣ್ಣಗಿರಬೇಕು. ಡಾಕ್ಟರು ಹೇಳಿದ ಒಂದು ಮಾತು ಆಂಟಿಯ ತಲೆಯಲ್ಲಿ ಕೂತುಬಿಟ್ಟಿತ್ತು. ಬಿಸಿಗೆ ಕೆಟ್ಟರೂ ಅದು ನೋಡಲು ಒಳ್ಳೆಯ ಔಷಧಿಯ ಹಾಗೇ ಇರಬಹುದು, ಚುಚ್ಚಿಕೊಂಡ ಮೇಲೆಯೇ ಗೊತ್ತಾಗುವುದು.

"ಊರೂರಿಗೂ ಮೆಡಿಕಲ್ ಶಾಪ್ ಇದೆ ಕಣೆ, ಫ್ರಿಜ್ ಇದೆ," ಅಂದರು ಅಂಕಲ್.

"ಕರೆಂಟ್ ಹೋದ್ರೆ ಅವರ ಫ್ರಿಜ್ಜೂ ಬೀರುನೇ. ನಂಗೆ ದಾರಿಯುದ್ದಕ್ಕೂ ಐಸ್ ಎಲ್ಲಿ ಸಿಗತ್ತೆ ಅಂತ ತೋರಿಸಿ. ಬಾಯಲ್ಲಿ ಹೇಳೋದಲ್ಲ, ತೋರಿಸಿ. ಬರ್ತೀನಿ. ಒಂದೇ ಒಂದು ಸಲ ಐಸ್ ಸಿಗ್ಲಿಲ್ವಾ, ನಾನು ಅಲ್ಲಿಂದ್ಲೇ ಬಸ್ ಹತ್ತಿ ಮನೆಗೆ. ನಿಮ್ ಡಬ್ಬಾನ ಮತ್ತೆ ಬ್ರೆಡ್‌ನೋರಿಗೇ ಮಾರ್ಕೊಳ್ಳಿ."

ಅಂಕಲ್ ನನ್ನ ಕಡೆ ತಿರುಗಿದರು. "ಶೈಲಾ, ನೀನು ನಕ್ಷೆ ಹುಚ್ಚಿ ತಾನೇ? ಹಾಕು."

ಅಚ್ಚಾದ ಯಾವ ಕೈಪಿಡಿಯಲ್ಲೂ ಐಸ್ ಇರಲಿಲ್ಲ. ನನ್ನ ಹತ್ತಿರವಿದ್ದ ದಪ್ಪ ಕೆಂಪು ರಟ್ಟಿನ ರೋಡ್ ಗೈಡಿನಲ್ಲಿ ಪೆಟ್ರೋಲ್ ಬಂಕು, ಪ್ರವಾಸಿ ಮಂದಿರ, ಕೊನೆಗೆ ಕುದುರೆಗೆ ನೀರು ಸಿಗುವ ಜಾಗವೂ ಇತ್ತು. ಐಸ್ ಇಲ್ಲ. ಐಸ್ ಯಾರಿಗೆ ಬೇಕು ಅಂತ ಯೋಚಿಸುತ್ತಾ ಒಂದು ದಿನ ರಸ್ಸೆಲ್ ಮಾರ್ಕೆಟ್ ಮುಂದೆ ಹೋಗುತ್ತಿದ್ದೆ. ಮೀನಿನ ಲಾರಿಯಿಂದ ಕರಗಿದ ನೀರು ಸುರಿದು ನನ್ನ ಚಪ್ಪಲಿ ನೆನೆಯಿತು. ಅಲ್ಲೇ ನಿಂತುಬಿಟ್ಟೆ. ಆಂಧ್ರದಿಂದ ಮೀನು ತರುವವರು ದಾರಿಯಲ್ಲಿ ಐಸ್ ತುಂಬಿಸಿಕೊಳ್ಳದೆ ಬರುವುದು ಹೇಗೆ?

ಆಮೇಲೆ ಬೆಳಗಿನ ಮೊದಲ ಬಸ್ಸಿಗೇ ಮಾರ್ಕೆಟ್ಟಿಗೆ ಹೋಗುವುದೇ ನನ್ನ ಕೆಲಸವಾಯಿತು. ನಮ್ಮ ಮನೆಯಲ್ಲಿ ಮೀನು ಬೇಯಿಸಿದ್ದೇ ಇಲ್ಲ. ವಾಪಸ್ ಬಂದರೆ ಅಮ್ಮ ಹಿತ್ತಲಿನಲ್ಲೇ ನಿಲ್ಲಿಸಿ ತಲೆಗೆ ನೀರು ಸುರಿಯುತ್ತಿದ್ದಳು. ನೆಲ್ಲೂರಿನ ಲಾರಿಯ ರಮಣಯ್ಯ ಮೊದಲ ದಿನ ನನ್ನನ್ನು ಮೇಲಿಂದ ಕೆಳಗೆ ನೋಡಿ, "ಏನಮ್ಮಾ, ಚೇಪ, ಮೀನು ಬೇಡ, ಐಸ್ ಅಡ್ರೆಸ್ ಬೇಕಾ? ಜ್ಯೂಸ್ ಅಂಗಡಿ ಇಡ್ತೀಯಾ?" ಅಂದಿದ್ದ. ವಿಷಯ ಹೇಳಿದ ಮೇಲೆ ಇತರ ಡ್ರೈವರುಗಳನ್ನೂ ಕೂಗಿ ಕರೆದ. ಅವರಲ್ಲೇ ಜಗಳ ಹತ್ತಿಕೊಂಡಿತು. ರೇಣಿಗುಂಟದಲ್ಲಿ ರೈಲು ಗೇಟಿನ ಆಚೆಗಿರುವ ಕಾರ್ಖಾನೆಯೋ ಈಚೆಗಿರುವುದೋ ಒಳ್ಳೆಯದು, ಯಾರ ಐಸ್ ಬೇಗ ಕರಗುತ್ತದೆ, ಯಾರು ಭಾನುವಾರ ಬಾಗಿಲು ಹಾಕುತ್ತಾರೆ. ನಾನು ಎಲ್ಲವನ್ನೂ ಕೇಳಿಸಿಕೊಂಡು ಬಂದು ಟ್ರೇಸಿಂಗ್ ಹಾಳೆಯ ಮೇಲೆ ಶಾಯಿಯಲ್ಲಿ ದಾರಿ ಎಳೆದೆ. ಐಸ್ ಸಿಗುವ ಕಡೆಯೆಲ್ಲ ಒಂದು ಪುಟ್ಟ ಚೌಕ. ಕೆಲವು ಊರೊಳಗೆ, ಕೆಲವು ಊರಾಚೆ ರೈಲು ಗೇಟಿನ ಪಕ್ಕ. ನೀರಿನ ಟ್ಯಾಂಕು ತಾಗುವ ಸೇತುವೆಗಳಿಗೆ ಗುಣಾಕಾರದ ಗುರುತು. ಇದನ್ನು ಕಲಿತದ್ದು ಕಾಕ್ಸ್‌ಟೌನಿನ ರೈಲ್ವೆ ಸೇತುವೆಯಿಂದ. ವ್ಯಾನಿನ ಮೊದಲ ಸವಾರಿಯಲ್ಲೇ ಅದರ ಕೆಳಗೆ ಟ್ಯಾಂಕು ಕಿರ್ರೆಂದು ತಾಗಿ, ಬೇಕರಿಗೆ ಹೊರಟಿದ್ದ ನಾವೆಲ್ಲ ನೀರಿನಲ್ಲಿ ನೆಂದು ವಾಪಸ್ ಬಂದಿದ್ದೆವು.

ಆಂಟಿ ಟ್ರೇಸಿಂಗನ್ನು ಮಡಿಲ ಮೇಲೆ ಹರಡಿಕೊಂಡು, ಒಂದು ಚೌಕದಿಂದ ಇನ್ನೊಂದಕ್ಕೆ ಬೆರಳು ನಡೆಸಿದರು. ಕಡಪದಿಂದ ಆಚೆಗೆ ಬೆರಳು ಸ್ವಲ್ಪ ಹೊತ್ತು ನಿಂತಿತು. ಅಲ್ಲಿ ಚೌಕಗಳ ನಡುವೆ ಖಾಲಿ ಜಾಸ್ತಿ. ಆಮೇಲೆ, "ಸರಿ. ಕಾಣ್ತಿದೆ. ಬರ್ತೀನಿ," ಅಂದರು.

ನಕಲು ತೆಗೆಸುವಾಗ ಮಾಮೂಲಿ ಜೆರಾಕ್ಸಿನಲ್ಲಿ ತುಂಡು ತುಂಡಾಗಿ ತೆಗೆದು ಅಂಟಿಸೋಣವೇ ಅಂತ ಕೇಳಿದೆ. ಅಂಕಲ್‌ಗೆ ಅವಮಾನವಾದ ಹಾಗಾಯಿತು. "ಡ್ರಾಯಿಂಗ್ ಅಂದ್ರೆ ಅಮೋನಿಯಾ ಪ್ರಿಂಟು. ಸರ್ವಿಸ್ ಪೂರ್ತಿ ಅದನ್ನೇ ನೋಡ್ಕೊಂಡು ಬಂದಿದೀನಿ. ಒಂದು ಗೆರೆ ಅಳಿಸಿದ್ದು ನೋಡಿಲ್ಲ." ಗೌಸ್ ಭಾಯಿ ಎರಡು ಪ್ರಿಂಟ್ ತೆಗೆದುಕೊಟ್ಟರು, ಒಂದು ವ್ಯಾನಿಗೆ, ಒಂದು ನನಗೆ. ಅಂಕಲ್ ತಮ್ಮದನ್ನು ಸ್ಟೇರಿಂಗ್ ಪಕ್ಕದ ಹಲಗೆಯ ಮೇಲಿಟ್ಟು, ಮೇಲೆ ದಪ್ಪನೆಯ ಪಾರದರ್ಶಕ ಪ್ಲಾಸ್ಟಿಕ್ ಹಾಳೆ ಕೂರಿಸಿ, ಸುತ್ತ ಸ್ಕ್ರೂ ಬಿಗಿದರು. ಎಷ್ಟು ಅಚ್ಚುಕಟ್ಟು ಅಂದರೆ ಒಳಗೆ ಒಂದು ಇರುವೆ ಹೋಗುವ ಹಾಗಿರಲಿಲ್ಲ. ಕೆಂಪು ರಟ್ಟಿನ ಗೈಡನ್ನು ನನಗೇ ವಾಪಸ್ ಕೊಟ್ಟು, "ಇದು ಯಾಕೆ ಭಾರ? ನಿನ್ನ ನಕ್ಷೆ ಸಾಕು," ಅಂದರು.

ಏಪ್ರಿಲಿನಲ್ಲಿ ಒಂದು ಮುಂಜಾನೆ ಹೊರಟರು. ತೂಗುಸೇತುವೆ ಕಟ್ಟುತ್ತಿದ್ದ ಧೂಳಿನಲ್ಲಿ ಆ ಹಳದಿ ವ್ಯಾನು ಹಳೇ ಮದ್ರಾಸ್ ರಸ್ತೆ ಹಿಡಿದು ಮರೆಯಾಗುವವರೆಗೂ ಕೈ ಬೀಸಿದೆ. ವಾರಕ್ಕೆ ಎರಡು ಸಲ ಸಂಜೆ ನಮ್ಮ ಮನೆಗೆ ಫೋನ್ ಮಾಡಬೇಕು ಅಂತ ಮಾತಾಗಿತ್ತು. ಮಾಡಿದರು ಕೂಡ. ಪಲಮನೇರಿನಿಂದ, ಆಮೇಲೆ ತಿರುಪತಿಯಿಂದ. "ನಕ್ಷೆ ಫಸ್ಟ್ ಕ್ಲಾಸ್!" ಅಂತ ಅಂಕಲ್ ಕೂಗುತ್ತಿದ್ದರು. ನಾನು ಗಾಳಿಯಲ್ಲಿ ತೇಲುತ್ತಿದ್ದೆ. ನಾನು ಬರೆದ ಗೆರೆಯ ಮೇಲೆ ಇಬ್ಬರು ಮನುಷ್ಯರು ನಿಜವಾಗಿ ಹೋಗುತ್ತಿದ್ದರು.

ನನ್ನ ಪಾಲಿನ ಪ್ರಿಂಟನ್ನು ಪಡುವಣ ಕಿಟಕಿಯ ಪಕ್ಕದ ಗೋಡೆಗೆ ಅಂಟಿಸಿದ್ದೆ. ದಿನಾ ನೋಡುತ್ತಿದ್ದೆ. ಎರಡು ವಾರ ಕಳೆದಿರಬೇಕು, ಅಮ್ಮ ಪಕ್ಕದಲ್ಲಿ ನೇತಾಡುತ್ತಿದ್ದ ಕ್ಯಾಲೆಂಡರನ್ನು ತಿಥಿ ನೋಡಲು ತೆಗೆದಳು. ಅದರ ಮೂಲೆಯ ಮರೆಯಲ್ಲಿದ್ದ ನಕ್ಷೆಯ ಭಾಗ ಕಡು ನೀಲಿ. ಉಳಿದದ್ದೆಲ್ಲ ತೊಳೆದ ಸೀರೆಯ ಹಾಗೆ. ಚೌಕಗಳನ್ನು ಹುಡುಕಿದೆ. ಕಡಪದ ಹತ್ತಿರ ಒಂದು, ಇದೆಯೋ ಇಲ್ಲವೋ ಅನ್ನುವಷ್ಟು. ನಂದ್ಯಾಳದಲ್ಲಿ ಇಲ್ಲವೇ ಇಲ್ಲ. ದಿನಾ ಕನ್ನಡಿ ನೋಡುವವರಿಗೆ ತಮ್ಮ ಮುಖಕ್ಕೆ ವಯಸ್ಸಾದದ್ದು ಗೊತ್ತಾಗುವುದಿಲ್ಲವಲ್ಲ, ಹಾಗೆ ಅದು ನನ್ನ ಕಣ್ಣೆದುರಿಗೇ ಅಳಿದು ಹೋಗಿತ್ತು. ನನ್ನ ಗೋಡೆಗೆ ಬೀಳುವುದು ಸಂಜೆಯ ಬಿಸಿಲು ಮಾತ್ರ. ವ್ಯಾನಿನ ಮುಂಗಾಜಿನ ಒಳಗೆ ಇಡೀ ದಿನದ ಬಿಸಿಲು, ಅದೂ ರಾಯಲಸೀಮೆಯದು.

ಪ್ರಿಂಟನ್ನು ಸುತ್ತಿಕೊಂಡು ಶಿವಾಜಿನಗರಕ್ಕೆ ಓಡಿದೆ. ಭಾಯಿ ಅದನ್ನು ಮೂಗಿನ ಹತ್ತಿರ ಹಿಡಿದು ನೋಡಿದರು.

"ಎಲ್ಲಿ ಇಟ್ಟಿದ್ದೆ?"

"ಕಿಟಕಿ ಹತ್ರ."

"ನಿಮ್ಮ ಅಂಕಲ್?"

"ಗಾಡಿ ಮುಂದೆ."

"ಯಾ ಅಲ್ಲಾಹ್. ಇಷ್ಟು ವರ್ಷ ಅಂಗಡಿ ಇಟ್ಟಿದೀನಿ, ಯಾರೂ ಬಂದು ಪ್ರಿಂಟ್ ಹಾಳಾಯ್ತು ಅಂದಿಲ್ಲ. ನನ್ನ ಅಂಗಡೀಗೇ ಬಿಸಿಲು ಬರಲ್ಲ, ಎಲ್ಲಿಂದ ಗೊತ್ತಾಗ್ಬೇಕು ನನಗೆ?"

ಅಂಕಲ್‌ಗೂ ಹಾಗೆಯೇ. ಟೂಲ್‌ರೂಮಿನ ಟ್ಯೂಬ್‌ಲೈಟಿನ ಕೆಳಗೆ ಗೆರೆ ಅಳಿಸದ ಡ್ರಾಯಿಂಗುಗಳನ್ನು ಜೀವಮಾನವಿಡೀ ನೋಡಿದವರು, ಡ್ರಾಯಿಂಗನ್ನು ಬಿಸಿಲಿಗೆ ಒಯ್ದದ್ದು ಅದೇ ಮೊದಲು.

ಗುರುವಾರ ಅವರ ಫೋನು ಬರಬೇಕಿತ್ತು. ಬುಧವಾರವೇ ಕೇಬಲ್ ಹಾಕಲು ರಸ್ತೆ ಅಗೆಯುವವರ ಗುದ್ದಲಿ ಎಲ್ಲೋ ತಗುಲಿ ನಮ್ಮ ಬೀದಿಯ ಲೈನೆಲ್ಲ ಸತ್ತುಹೋಯಿತು. ಟೆಲಿಫೋನ್ ಮಾಡುವವರ ಮನೆಯಲ್ಲಿ ಟೆಲಿಫೋನ್ ಇಲ್ಲ! ಅವರು ಮಾಡುತ್ತಿದ್ದಾರೆಯೋ, ಮಾಡುವ ಸ್ಥಿತಿಯಲ್ಲಿ ಇಲ್ಲವೋ, ತಿಳಿಯುವ ದಾರಿಯೇ ಇಲ್ಲ. ನಾನು ಆಗಾಗ ರಿಸೀವರ್ ಎತ್ತಿ ಕಿವಿಗೆ ಹಿಡಿದು ಇಡುತ್ತಿದ್ದೆ.

"ಯಾಕೆ ಹಾಗೆ ಒದ್ದಾಡ್ತೀಯಾ?" ಅಂದರು ಅಪ್ಪ. "ಮಸುಕಾದ್ರೆ ಪೆನ್ನಲ್ಲಿ ತಿದ್ಕೋತಾರೆ. ನಂಜುಂಡಪ್ಪನಿಗೆ ಕಣ್ಣಿಲ್ವಾ?"

"ನನಗೆ ಕಣ್ಣಿರ್ಲಿಲ್ವಾ ಅಪ್ಪ?"

ಅಪ್ಪ ಪೇಪರಿನಲ್ಲಿ ರಾಯಲಸೀಮೆಯ ಬಿಸಿಲಿನ ಸುದ್ದಿಯಿದ್ದ ಪುಟವನ್ನು ಮಡಚಿ ತಾವೇ ಇಟ್ಟುಕೊಂಡರು. ನಾನು ಕೆಂಪು ರಟ್ಟಿನ ಗೈಡು ತೆಗೆದು, ಊರಿಂದ ಊರಿಗೆ ದೂರ ಕೂಡಿಸಿ, ಅವರು ಎಲ್ಲಿರಬಹುದು ಅಂತ ಲೆಕ್ಕ ಹಾಕಿದೆ. ಲೆಕ್ಕ ಬಂದು ನಿಂತದ್ದು ಕಡಪದ ಸುತ್ತಮುತ್ತ. ಆಂಟಿಯ ಬೆರಳು ನಿಂತಿತ್ತಲ್ಲ, ಅದೇ ಖಾಲಿಯ ಅಂಚಿನಲ್ಲಿ.

ಶುಕ್ರವಾರ ಬೆಳಿಗ್ಗೆ ರಸ್ಸೆಲ್ ಮಾರ್ಕೆಟ್ಟಿನಲ್ಲಿ ರಮಣಯ್ಯನ ಲಾರಿ ಖಾಲಿಯಾಗುವುದನ್ನೇ ಕಾದು ನಿಂತೆ. ವ್ಯಾನು ಎಲ್ಲಿದೆಯೋ ಗೊತ್ತಿಲ್ಲ. ಆದರೆ ಅದು ಎಲ್ಲಿದ್ದರೂ ಐಸ್ ಇರುವ ಕಡೆಗೆ ಬರಲೇಬೇಕು. ಒಂದು ಕಟ್ಟು ಚೀಟಿಗಳನ್ನು ಅವನ ಕೈಗೆ ಕೊಟ್ಟೆ. ಬೆಂಗಳೂರು ನಂಬರಿನ ಹಳದಿ ವ್ಯಾನಿನವರು ಐಸಿಗೆ ಬಂದರೆ ಈ ನಂಬರಿಗೆ ಫೋನ್ ಮಾಡಲಿ ಅಂತ ಬರೆದಿದ್ದೆ. ನಂಬರು ನಮ್ಮ ಮನೆಯದಲ್ಲ, ಹಲಸೂರಿನ ಸೆಲ್ವಿ ಅಕ್ಕನ ಎಸ್‌ಟಿಡಿ ಬೂತಿನದು.

"ನಾನು ನೆಲ್ಲೂರು ರೂಟು," ಅಂದ ರಮಣಯ್ಯ. "ಕಡಪಕ್ಕೆ ಹೋಗಲ್ಲ."

"ರೇಣಿಗುಂಟದಲ್ಲಿ ಕಡಪದ ಲಾರಿ ಸಿಗಲ್ವಾ?"

"ಸಿಗತ್ತೆ." ಚೀಟಿಗಳನ್ನು ಟೋಪಿಯೊಳಗೆ ತುರುಕಿಕೊಂಡ. "ನಿನ್ನ ಪೆದ್ದಮ್ಮಗೆ, ಆ ಆಂಟಿಗೆ, ಏನೂ ಆಗಲ್ಲಮ್ಮಾ. ಐಸ್ ಫ್ಯಾಕ್ಟರಿಯವ್ರು ಹಳದಿ ಗಾಡಿ ಮರೀತಾರಾ? ಪೆಳ್ಳಿ ಗಾಡಿ, ಮದುವೆ ಗಾಡಿ ತರ ಇರತ್ತೆ."

ಆಮೇಲೆ ಬೂತಿನಲ್ಲಿ ಕಾಯುವುದು. ಬೆಳಿಗ್ಗೆ ಬೂತು ತೆಗೆದಾಗ ಹೋದರೆ ಮುಚ್ಚುವಾಗ ಬರುತ್ತಿದ್ದೆ. ಟ್ರೇಸಿಂಗನ್ನು ಸುತ್ತಿ ಕಂಕುಳಲ್ಲಿ ಇಟ್ಟುಕೊಂಡಿರುತ್ತಿದ್ದೆ. ಕೆರೆಯ ಕಡೆಯಿಂದ ಬೀಸುವ ಗಾಳಿಯೂ ಬಿಸಿ. ಸೆಲ್ವಿ ಅಕ್ಕ ಮೊದಲ ದಿನ, "ಇಲ್ಲೇ ಸ್ಟೂಲ್‌ಗೆ ಬಾಡಿಗೆ ಹಾಕ್ತೀನಿ ನೋಡ್ಕೋ," ಅಂದಳು. ಎರಡನೆಯ ದಿನ ತನ್ನ ಮೊಸರನ್ನದಲ್ಲಿ ಪಾಲು ಕೊಟ್ಟಳು. ಮೂರನೆಯ ದಿನ ಅವಳ ತಮಾಷೆಗಳೂ ನಿಂತುಹೋದವು. ಫೋನು ಹೊಡೆದಾಗಲೆಲ್ಲ ನಾವಿಬ್ಬರೂ ಎದ್ದು ನಿಲ್ಲುತ್ತಿದ್ದೆವು. ಯಾರದೋ ಮಗ ಸೌದಿಯಿಂದ. ಯಾರದೋ ಮದುವೆಯ ಮಾತುಕತೆ. ಒಬ್ಬ ಗಿರಾಕಿ ಹುಡುಗಿಯೊಬ್ಬಳ ಜೊತೆ ನಗುತ್ತಾ ಮಾತಾಡುತ್ತಲೇ ಇದ್ದ. ಸೆಲ್ವಿ ಅಕ್ಕ ಬಾಗಿಲು ಬಡಿದು, "ತಂಬಿ, ಮಿಕ್ಕಿದ್ದು ಲೆಟರ್ ಬರಿ! ಇಲ್ಲಿ ಒಂದು ಜೀವದ ಫೋನ್ ಬರೋದಿದೆ," ಅಂದಳು.

ಜೀವದ ಫೋನ್. ಅಷ್ಟು ದಿನ ನಾನು ನುಂಗಿಕೊಂಡಿದ್ದ ಮಾತನ್ನು ಅವಳು ಸುಲಭವಾಗಿ ಆಡಿಬಿಟ್ಟಳು. ಬಾಟಲಿ ನೋಡಲು ಹಾಗೇ ಇರುತ್ತದೆ. ಆಂಟಿ ಸಂಜೆ ಅದನ್ನೇ ಚುಚ್ಚಿಕೊಳ್ಳುತ್ತಾರೆ. ಬೆಳಿಗ್ಗೆ ಮತ್ತೆ ಅದನ್ನೇ.

ಸೋಮವಾರ ಮಧ್ಯಾಹ್ನ, ಬಿಸಿಲು ಹೊಸ್ತಿಲು ದಾಟಿ ಒಳಗೆ ಬಂದಿದ್ದಾಗ ಫೋನು ಹೊಡೆಯಿತು. ಅತ್ತ ಕಡೆ ಏನೋ ಯಂತ್ರದ ಗಡಗಡ. ಅದರ ಮೇಲೆ ಒಂದು ಧ್ವನಿ.

"ಶೈಲಾನಾ? ಯಾರೇ ಅದು ನಿಮ್ಮನೇಲಿ, ಎಷ್ಟು ಹೊಡ್ಕೊಂಡ್ರೂ ಫೋನ್ ಎತ್ತಲ್ಲ?"

"ಆಂಟಿ! ಹೇಗಿದೀರಾ? ಔಷಧಿ?"

"ಔಷಧಿ ತಣ್ಣಗಿದೆ. ನಾನೂ ಇದೀನಿ. ನಿಮ್ಮ ಅಂಕಲ್ ಒಬ್ರು ಕರಗ್ತಾ ಇದಾರೆ."

ಸೆಲ್ವಿ ಅಕ್ಕ ನನ್ನ ಮುಖ ನೋಡಿ ಮುರುಗನಿಗೆ ಕೈ ಮುಗಿದಳು.

ಅವರು ಕಡಪದ ಹೊರಗೆ ಐಸ್ ಕಾರ್ಖಾನೆಯ ಅಂಗಳದಲ್ಲಿದ್ದರು. ಅಲ್ಲಿಗೆ ತಲುಪಿ, ಮುಂದಿನ ಚೌಕ ಯಾವುದು ಅಂತ ನೋಡಿದರೆ ಹಲಗೆಯ ಮೇಲೆ ಬಿಳಿ ಕಾಗದ. ಅಂಕಲ್ ಎಲ್ಲೋ ಉಳಿದಿದ್ದ ಒಂದು ಮಸುಕು ಗುರುತನ್ನು ನೆಚ್ಚಿಕೊಂಡು ಒಂದು ದಿನ ಮುಂದೆ ಹೋಗಿ, ಐಸ್ ಕಾಣದೆ, ಔಷಧಿಯ ಥರ್ಮಾಸಿನಲ್ಲಿದ್ದ ಐಸ್ ನೀರಾಗುವ ಹೊತ್ತಿಗೆ ಹೇಗೋ ವಾಪಸ್ ಅದೇ ಅಂಗಳಕ್ಕೆ ಬಂದು ಬಿದ್ದಿದ್ದರು. ಅಂದಿನಿಂದ ಅಲ್ಲೇ. ಮುಂದಕ್ಕೆ ಹೋಗಲು ಆಂಟಿ ಒಪ್ಪುವುದಿಲ್ಲ, ಹಿಂದಕ್ಕೆ ಹೋಗಲು ಅಂಕಲ್ ಒಪ್ಪುವುದಿಲ್ಲ. ಆ ಬೆಳಿಗ್ಗೆ ಬಸ್ ಸ್ಟ್ಯಾಂಡಿಗೆ ಹೋಗುತ್ತೇನೆ ಅಂತ ಆಂಟಿ ಬ್ಯಾಗು ತುಂಬಿ ಎದ್ದಿದ್ದರಂತೆ. ಅಷ್ಟರಲ್ಲಿ ಕಾರ್ಖಾನೆಯವನು ನನ್ನ ಚೀಟಿ ಹಿಡಿದು ಬಂದಿದ್ದ.

"ಆಂಟಿ, ಪೆನ್ನು ತಗೊಳ್ಳಿ. ಟ್ರೇಸಿಂಗ್ ಇಲ್ಲೇ ಇದೆ. ಮುಂದಿನ ಊರಿನ ಹೆಸರೆಲ್ಲ ಹೇಳ್ತೀನಿ, ಬರ್ಕೊಂಡುಬಿಡಿ."

"ಹೆಸರು ಬೇಡ."

"ಯಾಕೆ?"

"ಹೆಸರು ಕೇಳಿದ್ರೆ ಧೈರ್ಯ ಬರಲ್ಲ ಕಣೆ. ಗಾಡೀಲಿ ಕೂತಾಗ ಐಸ್ ಕರಗೋದು ನಂಗೆ ಕೇಳಿಸತ್ತೆ. ಮುಂದಿನದು ಎಷ್ಟು ದೂರ ಇದೆ ಅಂತ ಕಣ್ಣಲ್ಲಿ ಕಾಣ್ಬೇಕು. ನೀನು ತೋರಿಸಿದ್ದಕ್ಕೆ ತಾನೇ ನಾನು ಬಂದಿದ್ದು?"

ಫೋನಿನಲ್ಲಿ ನಕ್ಷೆ ತೋರಿಸುವುದು ಹೇಗೆ? ಅತ್ತ ಯಂತ್ರದ ಗಡಗಡ ಮಾತ್ರ. ಆಮೇಲೆ ಆಂಟಿಯೇ, "ನನ್ನ ಬೊಟ್ಟುಗಳು ಮಾತ್ರ ಇವೆ," ಅಂದರು.

"ಯಾವ ಬೊಟ್ಟು?"

"ಐಸ್ ತಗೊಂಡ ಕಡೆಯೆಲ್ಲ ಪ್ಲಾಸ್ಟಿಕ್ ಮೇಲೆ ಸ್ಟಿಕ್ಕರ್ ಬೊಟ್ಟು ಅಂಟಿಸ್ಕೊಂಡು ಬಂದೆ. ಕೋಲಾರ, ಪಲಮನೇರು, ಚಿತ್ತೂರು, ರೇಣಿಗುಂಟ, ಇಲ್ಲಿ. ಕೆಳಗಿನ ಕಾಗದ ಹೋಯ್ತು, ಬೊಟ್ಟು ಇವೆ. ಆದ್ರೆ ಅವೆಲ್ಲ ಹಿಂದಿನವು. ಮುಂದಿನವು ಎಲ್ಲಿ?"

ಅಷ್ಟರಲ್ಲಿ ಯಾರೋ ಫೋನ್ ಕಿತ್ತುಕೊಂಡ ಸದ್ದು. ಅಂಕಲ್. ಧ್ವನಿ ಒಣಗಿತ್ತು.

"ಶೈಲಾ, ಟ್ರೇಸಿಂಗ್ ಮೇಲೆ ಕೋಲಾರದಿಂದ ಕಡಪ ಎಷ್ಟು ಬರುತ್ತೆ? ಚೌಕದ ಮಧ್ಯದಿಂದ ಮಧ್ಯಕ್ಕೆ. ಮಿಲ್ಲಿಮೀಟರಲ್ಲಿ ಹೇಳು."

ಸೆಲ್ವಿ ಅಕ್ಕ ಮಗಳ ಸ್ಕೂಲ್ ಬ್ಯಾಗಿನಿಂದ ಸ್ಕೇಲ್ ತಂದುಕೊಟ್ಟಳು. ಟ್ರೇಸಿಂಗನ್ನು ನೆಲದ ಮೇಲೆ ಬಿಡಿಸಿ ಅವಳ ಕಾಲನ್ನೇ ಒಂದು ತುದಿಗೆ ಇಡಿಸಿದೆ. "ನೂರ ಅರವತ್ತೈದು, ಅಂಕಲ್."

"ಲೈನ್ ಇಟ್ಕೊಂಡಿರು."

ಆಮೇಲೆ ಆಂಟಿ ಫೋನಿನ ಹತ್ತಿರ ಬಂದು ಪಿಸುಗುಟ್ಟಿದರು, "ಸ್ಕ್ರೂ ಬಿಚ್ತಾ ಇದಾರೆ ಕಣೆ. ಇಷ್ಟು ದಿನದಿಂದ ಅದನ್ನ ಮುಟ್ಟೋಕೂ ಬಿಟ್ಟಿರ್ಲಿಲ್ಲ." ಪ್ಲಾಸ್ಟಿಕ್ ಹಾಳೆ ಮೇಜಿಗೆ ಬಿದ್ದ ಸದ್ದು. ಸ್ಕೇಲಿನ ಸದ್ದು.

"ನೂರ ಅರವತ್ತೈದೂವರೆ," ಅಂದರು ಅಂಕಲ್. "ಬೊಟ್ಟು ಒಂಚೂರು ಆಚೆ ಕೂತಿದೆ, ಪರ್ವಾಗಿಲ್ಲ. ಡಿವೈಡರ್ ಇದೆ ನನ್ನ ಹತ್ರ. ಈಗ ಎರಡು ಪಾಯಿಂಟ್ ಗೊತ್ತಿದ್ರೆ ಮೂರನೇದು ಸಿಗುತ್ತೆ. ನಂದ್ಯಾಳ ಹೇಳು. ಕಡಪದಿಂದ ಎಷ್ಟು, ಇನ್ನೊಂದು ಕಡೆಯಿಂದ ಎಷ್ಟು."

"ಕಡಪದಿಂದ ನೂರ ಹದಿನೆಂಟು. ಚಿತ್ತೂರಿಂದ..."

"ಚಿತ್ತೂರು ಬೇಡಮ್ಮ, ಒಂದೇ ನೇರಕ್ಕೆ ಬರುತ್ತೆ, ಗೆರೆ ಸರಿಯಾಗಿ ಕ್ರಾಸ್ ಆಗಲ್ಲ. ಕೋಲಾರ ಕೊಡು."

"ಇನ್ನೂರ ಅರವತ್ತಮೂರು."

ಪ್ಲಾಸ್ಟಿಕ್ ಮೇಲೆ ಡಿವೈಡರಿನ ಮೊನೆ ಗೀಚುವ ಸದ್ದು ನನಗೆ ಹಲಸೂರಿನಲ್ಲಿ ಕೇಳಿಸಿತು. ಒಂದು ಕಮಾನು. ಇನ್ನೊಂದು ಕಮಾನು. "ಸರೋಜಾ, ಇಲ್ಲಿ. ಎರಡು ಗೆರೆ ಕೂಡೋ ಕಡೆ. ಬೊಟ್ಟು ಇಡು." ಆಂಟಿ ತಮ್ಮ ಪ್ಯಾಕೆಟ್ಟಿನಿಂದ ಒಂದೊಂದಾಗಿ ಬಿಡಿಸಿ ಅಂಟಿಸುತ್ತಾ ಹೋದರು. ಮೈದುಕೂರು, ಆಳ್ಳಗಡ್ಡ, ಕರ್ನೂಲು. ಎಲ್ಲಿ ಟ್ಯಾಂಕು ತಾಗುವ ಸೇತುವೆಯಿದೆಯೋ ಅಲ್ಲಿ ಅಂಕಲ್ ಗುಣಾಕಾರ ಗೀಚಿದರು. ಅತ್ತ ಕಾರ್ಖಾನೆಯ ಜನರೂ ಸುತ್ತ ನೆರೆದಿರಬೇಕು. "ಅಕ್ಕಡ ಕಾದು, ಗೇಟು ಪಕ್ಕನ!" ಅಂತ, ಅಲ್ಲಲ್ಲ ಗೇಟಿನ ಪಕ್ಕ ಅಂತ, ಯಾರೋ ತೆಲುಗಿನಲ್ಲಿ ತಿದ್ದಿದರು. ಅಂಕಲ್ ಅವರನ್ನು ಗದರಿದರು, "ಸ್ವಲ್ಪ ಇರಪ್ಪಾ, ಡ್ರಾಯಿಂಗ್ ನಡೀತಿದೆ." ಆ ಗದರಿಕೆಯಲ್ಲಿ ನಮ್ಮ ಪಕ್ಕದ ಮನೆಯ ನಂಜುಂಡಪ್ಪ ವಾಪಸ್ ಬಂದಿದ್ದರು.

ರಾಯಚೂರಿನ ಬೊಟ್ಟು ಬಿದ್ದ ಮೇಲೆ ಆಂಟಿ ಫೋನು ತೆಗೆದುಕೊಂಡರು. ಉಸಿರಾಟ ಕೇಳುತ್ತಿತ್ತು. ಹಾಳೆಯ ಮೇಲೆ ಬೆರಳು ನಡೆಸುತ್ತಿದ್ದಾರೆ ಅಂತ ನನಗೆ ಗೊತ್ತಾಯಿತು. ಕಡಪದಿಂದ ಆಚೆ ಬೆರಳು ನಿಂತಿರಬೇಕು.

"ಹ್ಞೂಂ," ಅಂದರು ಕೊನೆಗೆ. "ಕಾಣ್ತಿದೆ. ರೀ, ಬ್ಯಾಗು ಒಳಗಿಡಿ."

ಮೇ ತಿಂಗಳ ಕೊನೆಗೆ, ಮೊದಲ ಮಳೆ ಟಿನ್ ಫ್ಯಾಕ್ಟರಿಯ ಧೂಳನ್ನು ಕೆಸರು ಮಾಡಿದ ಸಂಜೆ ಹಳದಿ ವ್ಯಾನು ನಮ್ಮ ಬೀದಿಗೆ ಬಂತು. ಬಣ್ಣ ಸುಟ್ಟು ಸೀಮೆಸುಣ್ಣದ ಹಾಗಾಗಿತ್ತು. ಆಂಟಿ ಇಳಿದು ಬಂದರು. ಸ್ವಲ್ಪ ಇಳಿದು ಹೋಗಿದ್ದರು, ಚೆನ್ನಾಗಿ ಕಪ್ಪಾಗಿದ್ದರು. ಅಂಕಲ್ ಪ್ಲಾಸ್ಟಿಕ್ ಹಾಳೆಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ನೇರ ನಮ್ಮ ಮನೆಯೊಳಗೇ ಬಂದರು. ನೆಲದ ಮೇಲೆ ಟ್ರೇಸಿಂಗ್ ಹರಡಿದೆವು. ಅದರ ಮೇಲೆ ಹಾಳೆ ಇಟ್ಟೆವು. ಕೋಲಾರದ ಬೊಟ್ಟನ್ನು ಕೋಲಾರದ ಚೌಕಕ್ಕೆ ಕೂರಿಸಿ ಸ್ವಲ್ಪ ತಿರುಗಿಸಿದರು ಅಂಕಲ್. ಒಂದಾದ ಮೇಲೊಂದು ಮೆರೂನ್ ಬೊಟ್ಟುಗಳು ಚೌಕದೊಳಗೆ ಹೋಗಿ ಕೂತವು. ಅಪ್ಪ "ಭಲೇ," ಅಂದರು.

ಒಂದು ಬೊಟ್ಟು ಮಾತ್ರ ಉಳಿಯಿತು. ಆಳ್ಳಗಡ್ಡ ಮತ್ತು ನಂದ್ಯಾಳದ ನಡುವೆ, ರಸ್ತೆಯಿಂದ ಒಳಗೆ, ನನ್ನ ಹಾಳೆಯ ಖಾಲಿ ಜಾಗದಲ್ಲಿ. ಅದರ ಸುತ್ತ ಡಿವೈಡರಿನ ಕಮಾನುಗಳೂ ಇರಲಿಲ್ಲ.

"ಇದು ನಾನು ಹೇಳಿದ್ದಲ್ಲ," ಅಂದೆ. "ಇಲ್ಲಿ ಐಸ್ ಇಲ್ವಲ್ಲ ಆಂಟಿ?"

"ಇಲ್ಲ." ಆಂಟಿ ಕಾಫಿ ಲೋಟ ಕೆಳಗಿಟ್ಟರು. "ಆಳ್ಳಗಡ್ಡದಲ್ಲಿ ಆವತ್ತು ಐಸ್‌ನೋನ ಮನೇಲಿ ಸಾವಾಗಿತ್ತು, ಬಾಗಿಲು ಹಾಕಿದ್ದ. ಥರ್ಮಾಸ್ ಬೆಚ್ಚಗಾಗ್ತಾ ಬಂತು. ನಿಮ್ಮ ಅಂಕಲ್ ಮುಖ ನೋಡೋಕಾಗ್ತಿರ್ಲಿಲ್ಲ. ಗಾಡಿ ನಿಲ್ಲಿಸಿ ಅಂದೆ. ಹೊಲದ ಮಧ್ಯೆ ಒಂದು ಮನೆ, ಒಬ್ಬಳು ನೀರು ಸೇದ್ತಾ ಇದ್ಳು. ಅವಳ ಬಾವಿ ನೀರಲ್ಲಿ ಕೈ ಇಟ್ಟೆ ನೋಡು, ಬೆರಳು ಜುಮ್ ಅಂತು. ಟಿಫನ್ ಡಬ್ಬೀಲಿ ಬಾಟ್ಲಿ ಹಾಕಿ ಹಗ್ಗ ಕಟ್ಟಿ ಇಳಿಬಿಟ್ವಿ. ಎರಡು ದಿನ ಅಲ್ಲೇ ಇದ್ವಿ. ಅವಳು ಜೋಳದ ರೊಟ್ಟಿ ತಟ್ಟಿಕೊಟ್ಳು, ನಾನು ಅವಳಿಗೆ ಚಟ್ನಿಪುಡಿ ಕೊಟ್ಟೆ."

"ಬಸ್ ಹತ್ಲಿಲ್ವಾ?"

"ಯಾಕೆ ಹತ್ತಲಿ? ಐಸ್ ಸಿಗ್ದಿದ್ರೆ ಅಂದಿದ್ದೆ. ತಣ್ಣಗಿರೋ ಜಾಗ ನಾನೇ ಹುಡುಕಿದ್ನಲ್ಲ."

ಅಂಕಲ್ ಬೊಟ್ಟಿನ ಪಕ್ಕ ಸ್ಕೇಲ್ ಇಟ್ಟರು. "ಅದನ್ನ ಟ್ರೇಸಿಂಗ್ ಮೇಲೆ ಹಾಕ್ಬೇಕಮ್ಮ. ಮುಂದೆ ಹೋಗೋರಿಗೆ ಬೇಕಾಗುತ್ತೆ. ಆದ್ರೆ ಚೌಕ ಹಾಕೋ ಹಾಗಿಲ್ಲ."

ನಾನು ಶಾಯಿ ಪೆನ್ನು ತಂದೆ. ಬೊಟ್ಟಿನ ಕೆಳಗೆ ಸರಿಯಾಗಿ ಒಂದು ಪುಟ್ಟ ವೃತ್ತ ಬರೆದು, ಅದರಿಂದ ಕೆಳಕ್ಕೆ ಒಂದು ಗೆರೆ ಎಳೆದು, ತುದಿಗೆ ಎಳ್ಳಿನಷ್ಟು ಡಬ್ಬಿ ಮಾಡಿದೆ. ಆಂಟಿ ಕನ್ನಡಕ ಹಾಕಿಕೊಂಡು ಬಗ್ಗಿ ನೋಡಿದರು.

"ಹಗ್ಗ ಇನ್ನೊಂಚೂರು ಉದ್ದ ಮಾಡು," ಅಂದರು. "ಬಾವಿ ತುಂಬಾ ಆಳ ಇತ್ತು."